ಬರ್ಲಿ, ಬರ್ಲಿ

ಬಾಣಸವಾಡಿಯ ಟೆಂಪೊ ಮುನಿವೀರಪ್ಪನವರಿಗೆ ರಿವರ್ಸ್ ಹೋಗೋದಂದ್ರೆ ಒಂದು ವ್ರತ. ಯಾರಾದರೂ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನಬೇಕು, ಸಾಕಾದಾಗ ಗಾಡಿಯ ಬೆನ್ನಿಗೆ ಎರಡು ಸಲ ತಟ್ಟಬೇಕು; ಇಲ್ಲದಿದ್ದರೆ ಅವರು ಒಂದು ಗೇಣೂ ಹಿಂದಕ್ಕೆ ಹೋಗರು. "ರಿವರ್ಸ್ ಕ್ಯಾಮೆರಾಗೇನ್ರೀ ಗೊತ್ತು ನಮ್ ಗಾಡಿ ಕಷ್ಟ?" ಅನ್ನುತ್ತಾರೆ. ಸ್ಕಾಟ್ಲೆಂಡ್ ಟೂರಿನಲ್ಲಿ ಬಾಡಿಗೆ ಕಾರು ಓಡಿಸುವಾಗಲೂ ವ್ರತ ಬಿಡಲಿಲ್ಲ. ಒಂದೇ ಗಾಡಿ ಹಿಡಿಸುವ ಹಳ್ಳಿದಾರಿಯಲ್ಲಿ ಎದುರು ಲೈಟು ಕಂಡಾಗಲೆಲ್ಲ ಹೆಂಡತಿ ಶಾಂತಕುಮಾರಿ ಶಾಲು ಹೊದ್ದು ಇಳಿಯಬೇಕು, ಚಳಿಯಲ್ಲಿ ನಡುಗುತ್ತ "ಬರ್ಲಿ" ಅನ್ನಬೇಕು. ಕೊನೆಯ ರಾತ್ರಿಯೂ ಹಾಗೇ, ಎದುರು ಲೈಟು ಕಂಡಿತು. ಕಿಟಕಿಯಾಚೆ ಕತ್ತು ಚಾಚಿ, ಕಗ್ಗತ್ತಲಲ್ಲಿ ಕೇಳಿಬಂದ "ಬರ್ಲಿ, ಬರ್ಲಿ"ಯನ್ನೇ ನಂಬಿ ಹಿಂದಕ್ಕೆ ಹೋದರು. ಟಪ್ ಟಪ್ ಎಂದು ಎರಡು ಸಲ ತಟ್ಟಿದ್ದು ಕೇಳಿ ಬ್ರೇಕ್ ಹಾಕಿದರು. ಟಾರ್ಚ್ ಬಿಟ್ಟು ನೋಡಿದರೆ ಹಿಂದಿನ ಚಕ್ರದಿಂದ ಗೇಣಿನಾಚೆ ಕಪ್ಪು ಕೆರೆ. "ಭೇಷ್ ಶಾಂತಾ!" ಎಂದು ಕತ್ತಲಿಗೆ ಕೂಗಿದರು. ಪಕ್ಕದ ಸೀಟಿನಲ್ಲಿ ಶಾಂತಕುಮಾರಿ ನಿದ್ದೆಗಣ್ಣು ಉಜ್ಜಿಕೊಂಡು, "ಏನ್ರೀ, ಇಳೀಬೇಕಾ?" ಅಂದರು.