ಲಾರಿ ಹಿಡಿದ ಕಾಡಿಗೆ

ದೋಸ್ತರೇ, ಇವತ್ತು ನಮ್ಮವ್ವ ನನ್ನ ಹಸುಗೂಸು ಮಗಳ ತಲೆಗೆ ಹಾಕುವ ಕುಲಾಯಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮೊಮ್ಮಗಳನ್ನು ನೋಡಲೆಂದು ಪಾಮನಕಲ್ಲೂರಿನಿಂದ ಸಿಂಧನೂರಿಗೆ ಬಂದಿದ್ದಾಳೆ. ನಮ್ಮ ಬಾಡಿಗೆ ಖೋಲಿ ಅಕ್ಕಿ ಗಿರಣಿಯ ಎದುರಿಗೇ ಇದೆ. ಬೊಂಬಾಯಿಗೆ, ಮದ್ರಾಸಿಗೆ ಅಕ್ಕಿ ಒಯ್ಯುವ ಲಾರಿಗಳು ಇಂಜಿನ್ ಆರಿಸದೆ ಸಾಲಾಗಿ ನಿಲ್ಲುತ್ತವೆ. ನಿಮಗೆ ಕಳಿಸಲು ಮಾತು ತುಂಬುತ್ತಿರುವ ಈ ಕ್ಯಾಸೆಟ್ಟಿನಲ್ಲಿ ನನ್ನ ದನಿಯ ಹಿಂದೆ ಗುರುಗುಟ್ಟುವುದು ಅವೇ. ಅವಕ್ಕೆ ಚೀಲ ಹೇರುವವನು ನಾನು.

ಬೆಳಿಗ್ಗೆ ಅವ್ವ ಬಿಳಿ ಕುಲಾಯಿ ಒಗೆದು, ಊರಲ್ಲಿ ಹಾಕುವಂತೆ ರಸ್ತೆ ಕಡೆಯ ಬೇಲಿ ಮೇಲೆ ಒಣಹಾಕಿದ್ದಳು. ನಾನು ಊಟಕ್ಕೆ ಬರುವಷ್ಟರಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಅವ್ವ ಒರೆಸಿ ನೋಡಿದಳು. ಬೆರಳ ತುದಿ ಕಪ್ಪಾಯಿತು.

“ಯಪ್ಪಾ! ಔಡಲೆಣ್ಣಿ ದೀಪದ ಮ್ಯಾಲ ತಾಟು ಬೋರಲ ಹಾಕಿ ರಾತ್ರಿಯೆಲ್ಲ ಕಾದ್ರ ನನಗ ಚಿಟಿಗಿ ಕಾಡಿಗಿ ಸಿಗತೈತಿ. ಈ ಲಾರಿ ನಿಂತಲ್ಲೇ ಇಷ್ಟು ಹಿಡದಾವಲ್ಲೋ!”

ನನಗೂ ಬೆರಗಾಯಿತು. ಲಾರಿಗಳ ಹೊಗೆಯನ್ನು ದಿನಾ ನೋಡುತ್ತೇನೆ, ಎಲ್ಲಿ ಹೋಗಿ ಕೂರುತ್ತದೆಂದು ನೋಡಿರಲಿಲ್ಲ.

“ಕೂಸಿನ ಎದಿಯಾಗ ಎಷ್ಟು ಕುಂತೈತೋ” ಅನ್ನುತ್ತ ಅವ್ವ ತೊಟ್ಟಿಲ ಕಡೆ ತಿರುಗಿದಳು. “ನಾಳಿ ಮಸ್ಕಿ ಬಸ್ಸಿಗೆ ಕೂಸು, ಬಾಣಂತಿ ಇಬ್ಬರೂ ನನ್ನ ಕೂಡ ಊರಿಗೆ ಬರ್ತಾರ.”

“ನಾ ಒಬ್ಬನ ಇರಬೇಕೇನು ಬೇ?”

“ಲಾರಿ ಅದಾವಲ್ಲ, ಅವುಗಳ ಕೂಡ ಇರು.”

ಒಳಗೆ ನನ್ನ ಹೆಂಡತಿ ಆಗಲೇ ಗಂಟು ಕಟ್ಟುತ್ತಿದ್ದಳು.

ಹೊರಗೆ ಹೊಸ ಲಾರಿಯೊಂದು ಬಂದು ನಿಂತಿತ್ತು. ದೃಷ್ಟಿ ತಾಗಬಾರದೆಂದು ಡ್ರೈವರ್ ಅದರ ಮುಂದೆ ಕರಿ ಕೂದಲಿನ ಚೌರಿ ಇಳಿಬಿಟ್ಟಿದ್ದ. ಲಾರಿಯ ದೃಷ್ಟಿ ಕೂಸಿಗೆ ತಾಗದಂತೆ ಏನು ಕಟ್ಟಬೇಕೋ, ಗೊತ್ತಿದ್ದವರು ಹೇಳಿ ಕಳಿಸಿ.