ಬೆಳವಣಿಗೆಗೆ ಬಿಟ್ಟ ಬಟ್ಟೆ

ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ನಮ್ಮ ಫ್ಯೋರ್ಡಿನ ದಂಡೆಯಲ್ಲಿ ಹೆಣ್ಣುಮಕ್ಕಳಿಗೆ ಚರ್ಚಿನಲ್ಲಿ ದೃಢೀಕರಣವಾಗುವ, ಅಂದರೆ ತಮ್ಮ ಬಾಯಿಂದಲೇ ನಂಬಿಕೆ ಒಪ್ಪಿಕೊಂಡು ದೊಡ್ಡವರೆನಿಸುವ ವರ್ಷ ಊರ ಉಡುಪು ಹೊಲಿಸುತ್ತಾರೆ. ಕಪ್ಪು ಉಣ್ಣೆಯ ಲಂಗ, ಕೆಂಪು ಕುಪ್ಪಸ, ಎದೆಗೆ ಮಣಿ ಹೆಣೆದ ಪಟ್ಟಿ. ಗುನ್‌ವೊರ್ ಎಂಬ ನಾನು ನಲವತ್ತೊಂದು ವರ್ಷ ಹೊಲಿದದ್ದು ಅದನ್ನೇ. ಹದಿನಾಲ್ಕಕ್ಕೆ ತೊಟ್ಟದ್ದು ಎಪ್ಪತ್ತರವರೆಗೂ ಬರಬೇಕು. ಅದಕ್ಕೇ ಲಂಗದ ಅಂಚಿನಲ್ಲಿ ಎಂಟು ಬೆರಳು, ಕುಪ್ಪಸದ ಕೆಳಗೆ ಮೂರು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿ ಬಿಡುತ್ತೇವೆ. ಹುಡುಗಿ ಬೆಳೆದ ಹಾಗೆ ಬಿಚ್ಚಿಕೊಂಡು ಹೋಗುವುದು. ಬಟ್ಟೆ ಬಿಡದವಳನ್ನು ನಮ್ಮೂರಲ್ಲಿ ಜಿಪುಣಿ ಎನ್ನುತ್ತಾರೆ. ನಾನು ಮಾತ್ರ ಬಟ್ಟೆ ಬಿಟ್ಟೇ ತಪ್ಪು ಮಾಡಿದವಳು, ಪಕ್ಕದ ಮನೆಯ ಮಾರೆನ್ ವಿಷಯದಲ್ಲಿ.

ಐದನೇ ವಯಸ್ಸಿಗೆ ಮಾರೆನ್ ನಡೆಯುವಾಗ ತೂರಾಡತೊಡಗಿದಳು. ಬೆಳಗೆದ್ದರೆ ವಾಂತಿ. ಅವಳ ತಾಯಿ ತೂರಿಡ್ ಬರ್ಗೆನ್ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಮೆದುಳಿನ ಹಿಂಭಾಗದಲ್ಲಿ ಗೆಡ್ಡೆ ಕಂಡಿತು. ಗೆಡ್ಡೆ ತೆಗೆದರು. ಉಳಿದದ್ದು ಎಲ್ಲೂ ಚಿಗುರದಿರಲಿ ಎಂದು ಆರು ವಾರ ತಲೆಗೆ, ಇಡೀ ಬೆನ್ನೆಲುಬಿಗೆ ವಿಕಿರಣ ಕೊಟ್ಟರು. ಮಗು ಅಲುಗಾಡದ ಹಾಗೆ ಮುಖದ ಅಚ್ಚಿಗೆ ಮಾಡಿದ ಮುಖವಾಡ ಹಾಕಿ ಅದನ್ನು ಹಲಗೆಗೆ ಬಿಗಿಯುತ್ತಿದ್ದರಂತೆ. ಆ ಹೊತ್ತು ಕೋಣೆಯೊಳಗೆ ಯಾರೂ ಇರುವಂತಿಲ್ಲ. ತೂರಿಡ್ ಹೊರಗೆ ಮೈಕಿನ ಮುಂದೆ ಕೂತು ಹಟಮಾರಿ ಮೇಕೆಯೊಂದರ ಕಥೆ ಹೇಳುತ್ತಿದ್ದಳು. ಧ್ವನಿ ನಡುಗಿದ ದಿನ ಮೇಕೆಗೆ ನೆಗಡಿಯಾಗಿದೆ ಎಂದುಬಿಡುತ್ತಿದ್ದಳು.

ಮಾರೆನ್ ಬದುಕಿದಳು. ಆ ಒಂದು ಮಾತಿನ ಮುಂದೆ ಉಳಿದದ್ದೆಲ್ಲ ಸಣ್ಣದು ಎಂದು ಊರೆಲ್ಲ ಹೇಳಿತು, ನಾನೂ ಹೇಳಿದೆ. ಹೇಳುವವರಿಗೇನು? ಉಳಿದದ್ದು ಒಂದೊಂದಾಗಿ ಬಂದದ್ದು ಆಮೇಲೆ. ಹತ್ತಿರದ ಮಾತು ಕೇಳದಾಯಿತು, ಎರಡೂ ಕಿವಿಗೆ ಯಂತ್ರ ಬಂತು. ಓದಿದ್ದು ತಲೆಯೊಳಗೆ ಕೂರಲು ಬೇರೆ ಮಕ್ಕಳ ಎರಡರಷ್ಟು ಹೊತ್ತು ಬೇಕಾಯಿತು. ಕೈಯಲ್ಲಿ ಸಣ್ಣ ನಡುಕ. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಸಂಜೆ ಬೆಳವಣಿಗೆಗೆ ಸೂಜಿ. ಆ ಸೂಜಿಯ ಮಾತನ್ನು ಕಾಲುಗಳು ಕೇಳಿದವು, ಬೆನ್ನು ಕೇಳಲಿಲ್ಲ. ಗೆಡ್ಡೆಯ ಬೇರು ಸುಟ್ಟ ಕಿರಣವೇ ಬೆನ್ನಿನ ಎಲುಬು ಬೆಳೆಯುವ ಶಕ್ತಿಯನ್ನೂ ಸುಟ್ಟಿತ್ತು. ತೂರಿಡ್ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರಕ್ಕೆ ಗೆರೆ ಎಳೆಯುತ್ತಿದ್ದಳು. ಹುಡುಗಿಗೆ ಹತ್ತು ತುಂಬಿದ ವರ್ಷ ಆ ಚೌಕಟ್ಟಿಗೆ ಬಿಳಿ ಬಣ್ಣ ಬಳಿದಳು.

ಮಾರೆನ್‌ಗೆ ಹದಿಮೂರಾಗಿದ್ದಾಗ, ಮೇ ಹದಿನೇಳರ ನಾಡಹಬ್ಬದ ಮೆರವಣಿಗೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ ಹೊಸ ಮೇಷ್ಟ್ರು ಅವಳ ಕೈಹಿಡಿದು ಮೂರನೇ ತರಗತಿಯ ಮಕ್ಕಳ ಮಧ್ಯೆ ನಿಲ್ಲಿಸಿದ. ಅವಳು ಆ ಸಾಲಿನಲ್ಲೇ ಬಾವುಟ ಹಿಡಿದು ಊರೆಲ್ಲ ಸುತ್ತಿ ಬಂದಳು. ಮರುವರ್ಷ ಉಡುಪಿನ ಅಳತೆ ಕೊಡಲು ನನ್ನ ಮನೆಗೆ ಬಂದವಳಿಗೆ ಬೇಕಾಗಿದ್ದದ್ದು ಒಂದೇ: ಚರ್ಚಿನಲ್ಲಿ ತನ್ನ ವಾರಿಗೆಯವರ ಸಾಲಿನಲ್ಲಿ ನಿಂತಾಗ ಯಾರದೋ ತಂಗಿ ಅಕ್ಕನ ಬಟ್ಟೆ ತೊಟ್ಟು ಬಂದಿದ್ದಾಳೆ ಎಂದು ಯಾರಿಗೂ ಅನ್ನಿಸಬಾರದು. ಅದನ್ನು ಬಾಯಿಬಿಟ್ಟು ಹೇಳಿದಳು. ನನಗೆ ಬಟ್ಟೆ ಬಿಡಬೇಡ ಅತ್ತೆ, ಇದ್ದಷ್ಟಕ್ಕೇ ಹೊಲಿ ಎಂದಳು. ಆಯಿತು ಎಂದೆ.

ಆಯಿತು ಎಂದವಳು ಬಟ್ಟೆ ಬಿಟ್ಟೆ. ಕೈಯ ರೂಢಿ ಎಂದು ಹೇಳಿಕೊಳ್ಳಬಹುದು. ಅದು ಸುಳ್ಳು. ಕತ್ತರಿ ಹಿಡಿದು ಎರಡು ದಿನ ಬಟ್ಟೆಯ ಮುಂದೆ ಕೂತಿದ್ದೆ. ಬಿಡದೆ ಕತ್ತರಿಸಿದರೆ ಈ ಮಗು ಇಷ್ಟೇ ಎಂದು ತೀರ್ಪು ಬರೆದ ಹಾಗಾಗುತ್ತದೆ ಅನ್ನಿಸಿತು. ಡಾಕ್ಟರು ದೇವರೇ? ಅವರ ಲೆಕ್ಕ ತಪ್ಪಿ ಹುಡುಗಿ ಒಂದು ಗೇಣು ಬೆಳೆದರೆ? ಎಂಟು ಬೆರಳು, ಮೂರು ಬೆರಳು, ಎಲ್ಲರಿಗೂ ಬಿಟ್ಟಷ್ಟೇ ಅವಳಿಗೂ ಬಿಟ್ಟು ಮಡಿಸಿ ಹೊಲಿದೆ.

ದೃಢೀಕರಣಕ್ಕೆ ಮೂರು ದಿನವಿದ್ದಾಗ ತೊಟ್ಟು ನೋಡಲು ತಾಯಿ ಮಗಳು ಬಂದರು. ಅವಳ ಗಿಡ್ಡ ಬೆನ್ನಿಗೆ ಆ ಮೂರು ಬೆರಳ ಮಡಿಕೆ ಸೊಂಟದ ಹಿಂದೆ ದಪ್ಪಗೆ ಉಬ್ಬಿ ನಿಂತಿತು. ಲಂಗ ಅಂಚಿನ ಭಾರಕ್ಕೆ ಜೋತುಬಿದ್ದಿತ್ತು. ಕನ್ನಡಿಯಲ್ಲಿ ನನಗೇ ಕಂಡಿತು, ಅಕ್ಕನ ಬಟ್ಟೆ ತೊಟ್ಟ ತಂಗಿ. ಮಾರೆನ್ ಬಗ್ಗಿ ಅಂಚು ಮಗುಚಿ ನೋಡಿದಳು. ಬೆರಳಲ್ಲಿ ಅಳೆದಳು.

"ಇದು ಯಾರಿಗೆ, ಅತ್ತೆ?"

"ನಿಂಗೇ ಕಣೇ. ಇನ್ನೂ ಹದಿನಾಲ್ಕು ನಿಂಗೆ. ನಾಳೆ ಏನೋ ಎಂತೋ."

"ನಾನು ಬೆಳೆಯಲ್ಲ. ಎಲುಬಿನ ಫೋಟೋ ನಂಗೂ ತೋರಿಸಿದಾರೆ. ನಿಂಗೂ ಗೊತ್ತು, ಅಮ್ಮಂಗೂ ಗೊತ್ತು. ನನ್ನೆದುರಿಗೆ ಮಾತ್ರ ಯಾರಿಗೂ ಗೊತ್ತಿರಲ್ಲ."

ತೂರಿಡ್ ಕಿಟಕಿಯತ್ತ ತಿರುಗಿಕೊಂಡಳು. ಹದಿನಾಲ್ಕರ ಹುಡುಗಿಗೆ ಮಾತು ಕೊಟ್ಟು ತಪ್ಪಿದ್ದೆ, ಸಿಕ್ಕಿಬಿದ್ದಿದ್ದೆ.

"ಕತ್ತರಿಸು," ಎಂದಳು ಮಾರೆನ್. "ನಾನೇ ಕತ್ತರಿಸ್ತಿದ್ದೆ. ನನ್ನ ಕೈಲಿ ಓರೆ ಹೋಗುತ್ತೆ."

ಮಡಿಕೆ ಬಿಚ್ಚಿ ಅವಳ ಎದುರಿಗೇ ಕತ್ತರಿಸಿದೆ. ಒಳ್ಳೆಯ ಉಣ್ಣೆ ಕತ್ತರಿಸುವಾಗ ಗರಗರ ಸದ್ದು ಮಾಡುತ್ತದೆ. ಆವತ್ತು ಅದು ಮುಗಿಯುವಂತೆಯೇ ಕಾಣಲಿಲ್ಲ. ತೂರಿಡ್ ಜಗಲಿಗೆ ಹೋಗಿ ಅತ್ತಳು. ಮಾರೆನ್ ಮಾತ್ರ ಕತ್ತರಿಯ ಬಾಯನ್ನೇ ನೋಡುತ್ತಾ ನಿಂತಿದ್ದಳು. ಎಷ್ಟು ಗಟ್ಟಿ ಹುಡುಗಿ ಎಂದುಕೊಂಡೆ. ಇಷ್ಟು ವರ್ಷವೂ ಅವಳ ಬಗ್ಗೆ ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದೆ.

ಭಾನುವಾರ ಅವಳು ಚರ್ಚಿನ ನಡುದಾರಿಯಲ್ಲಿ ತನ್ನ ವಾರಿಗೆಯವರ ಜೊತೆಗೇ ನಡೆದು ಬಂದಳು. ಅವರ ಭುಜಕ್ಕೆ ಬರುತ್ತಿದ್ದಳು. ಕುಪ್ಪಸ ಬೆನ್ನಿಗೆ ಅಂಟಿ ಕೂತಿತ್ತು. ಗಿಡ್ಡ, ಆದರೆ ದೊಡ್ಡ ಹುಡುಗಿ. ಅದಕ್ಕಿಂತ ಚೆನ್ನಾಗಿ ಒಪ್ಪಿದ ಉಡುಪನ್ನು ನಾನು ಹೊಲಿದಿಲ್ಲ.

ಈಗ ಅವಳಿಗೆ ಮೂವತ್ತೆರಡು. ಸೇಬಿನ ಗೋದಾಮಿನಲ್ಲಿ ವಾರಕ್ಕೆ ಮೂರು ದಿನ ಕೆಲಸ. ನಾಲ್ಕನೇ ದಿನಕ್ಕೆ ತಲೆ ಸುಸ್ತಾಗಿಬಿಡುತ್ತದೆ. ಮರೆಯುವ ಭಯಕ್ಕೆ ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತಾಳೆ. ಆ ಕಿರಣದ ಜಾಗದಲ್ಲಿ ಹೊಸದೇನಾದರೂ ಹುಟ್ಟಿದೆಯೇ ಎಂದು ವರ್ಷವರ್ಷವೂ ಬರ್ಗೆನ್‌ಗೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಬರುವಾಗ ನನಗೊಂದು ಪೊಟ್ಟಣ ಮೀನಿನ ವಡೆ. ಮಕ್ಕಳಾಗುವುದು ಕಷ್ಟವೆಂದಿದ್ದಾರೆ. ಅದನ್ನು ಒಂದೇ ಸಲ ಹೇಳಿದಳು.

ಹೋದ ತಿಂಗಳು ಆ ಕೆಂಪು ಕುಪ್ಪಸ ಹಿಡಿದುಕೊಂಡು ಬಂದಳು. ಮೈ ಅಗಲವಾಗಿದೆ, ಪಕ್ಕದಲ್ಲಿ ಕೂಡುತ್ತಿಲ್ಲ. ಅದೂ ಆ ಹಳೆಯ ಚಿಕಿತ್ಸೆಯ ಕಾಣಿಕೆಯೇ ಅಂತೆ, ನನ್ನ ಬೆಣ್ಣೆ ಕೇಕಿನದ್ದಂತೂ ಅಲ್ಲವಂತೆ. ಆ ಕೆಂಪು ಬಣ್ಣದ ಉಣ್ಣೆ ಈಗ ಎಲ್ಲೂ ಸಿಗುವುದಿಲ್ಲ. ನಾನು ಎದ್ದು ಕೆಳಗಿನ ಡ್ರಾಯರ್ ತೆಗೆದೆ. ಆವತ್ತು ಕತ್ತರಿಸಿ ಕಾಗದದಲ್ಲಿ ಸುತ್ತಿಟ್ಟಿದ್ದ ಮೂರು ಬೆರಳಗಲದ ಕೆಂಪು ಪಟ್ಟಿಯನ್ನು ಮೇಜಿನ ಮೇಲೆ ಹರವಿದೆ. ಅವಳಿಗೆ ತಕ್ಷಣ ಗುರುತು ಸಿಕ್ಕಿತು.

"ಇಷ್ಟು ವರ್ಷ ಇಟ್ಕೊಂಡಿದ್ದೀಯ," ಎಂದಳು. "ನಾನು ಬೆಳೀತೀನಿ ಅಂತಾನಾ?"

ಈ ಸಲ ಸುಳ್ಳು ಹೇಳಬಾರದು ಅನ್ನಿಸಿತು. "ಹೂಂ. ಸುಮಾರು ವರ್ಷ ಹಾಗೇ ಅಂದ್ಕೊಂಡಿದ್ದೆ."

ಅವಳು ಪಟ್ಟಿಯನ್ನು ಬೆರಳಲ್ಲಿ ಸವರಿದಳು.

"ನಾನೂ," ಎಂದಳು. "ಇಪ್ಪತ್ತು ತುಂಬೋವರೆಗೂ ಪ್ರತಿ ಹುಟ್ಟುಹಬ್ಬಕ್ಕೆ ಅಮ್ಮ ಕೇಕಿಗೆ ಕೆನೆ ತರೋಕೆ ಹೋದಾಗ ಅಡುಗೆಮನೆ ಬಾಗಿಲ ಆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ್ಕೋತಿದ್ದೆ. ಗೆರೆ ಎಳೀತಿರ್ಲಿಲ್ಲ, ಅಮ್ಮಂಗೆ ಗೊತ್ತಾಗುತ್ತೆ ಅಂತ. ಬಣ್ಣದ ಅಡಿಯಲ್ಲಿ ಹಳೇ ಗೆರೆ ಉಬ್ಬಿದ್ದು ಕೈಗೆ ಸಿಗುತ್ತೆ, ಅದನ್ನ ಮುಟ್ಟಿ ನೋಡ್ಕೋತಿದ್ದೆ."

ಕತ್ತರಿಯ ಬಾಯಿ ನೋಡುತ್ತಾ ನಿಂತಿದ್ದ ಹುಡುಗಿಯನ್ನು ನಾನು ಇಷ್ಟು ವರ್ಷ ಗಟ್ಟಿ ಎಂದುಕೊಂಡಿದ್ದೆ. ಆವತ್ತು ಅವಳನ್ನು ಒಂದು ಸಲ ಅಪ್ಪಿಕೊಳ್ಳಬೇಕಿತ್ತು. ಈಗ ಅಪ್ಪಿಕೊಂಡೆ.

ಆಮೇಲೆ ಕೆಲಸಕ್ಕೆ ಕೂತೆವು. ನನ್ನ ಕಣ್ಣಿಗೆ ಪೊರೆ, ಅವಳ ಕೈಗೆ ನಡುಕ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕಾಫಿ ಆರಿತು. ಪಟ್ಟಿಯನ್ನು ಎರಡು ತುಂಡು ಮಾಡಿ ಎರಡೂ ಪಕ್ಕಕ್ಕೆ ಕೂಡಿಸಿದೆ. ಕುಪ್ಪಸ ಬಿಸಿಲಿಗೆ ಮಾಸಿದೆ, ಡ್ರಾಯರಿನಲ್ಲಿದ್ದ ಪಟ್ಟಿ ಮಾಸಿಲ್ಲ, ದೂರದಿಂದಲೇ ಎದ್ದು ಕಾಣುತ್ತದೆ. ಕಂಡರೆ ಕಾಣಲಿ ಎಂದಳು.