ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು

ನಮ್ಮ ಮನೆಯ ಜೀಪು ನನಗಿಂತ ಹಿರಿಯದು. ಅಜ್ಜ ಅದನ್ನು ಮಿಲಿಟರಿಯವರ ಲಿಲಾವಿನಲ್ಲಿ ಹಿಡಿದು ತಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಸಿರು ಬಣ್ಣ, ಪೆಟ್ರೋಲ್ ಎಂಜಿನ್, ತಲೆಯ ಮೇಲೆ ತಾಡಪತ್ರಿ, ನಾಲ್ಕೂ ಗಾಲಿಗೆ ಜೋರು ಕೊಡುವ ಒಂದು ಗಿಡ್ಡ ಗೇರು. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಚಕ್ಕಡಿಗಳು ಅಚ್ಚಿನತನಕ ಹೂತು ನಿಂತಾಗಲೂ ಅದು ಗೊಣಗುತ್ತ ಹಾದು ಹೋಗುತ್ತಿತ್ತು. ಹತ್ತಿ ಬೆಳೆ ನೋಡಲು ಹಳ್ಳಿಗೆ ಹೋಗುವ ದಲಾಲರಿಗೆ ಅಂಥದೇ ಗಾಡಿ ಬೇಕು. ಅಜ್ಜನ ನಂತರ ಅದು ಅಪ್ಪನ ಕೈಗೆ ಬಂತು. ಹುಬ್ಬಳ್ಳಿಯ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿದ್ದ ನಮ್ಮ ದಲಾಲಿ ಅಂಗಡಿಯೂ ಅದರ ಜೊತೆಗೇ ಬಂತು.

ಹೀಗೆ ಕೈಗೆ ಬರುವುದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆ ಮಾಡುವ ಖಂಡೇನವಮಿಯ ದಿನ ಜೀಪಿಗೆ ಪೂಜೆ ಮಾಡಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ಮನೆಯ ಯಜಮಾನನೇ ಅದರ ಮೇಲೆ ಗಾಡಿ ಹಾಯಿಸಬೇಕು. ಬೇರೆ ಯಾರೂ ಹಾಯಿಸುವಂತಿಲ್ಲ. ಒಂದು ವರ್ಷ ಪೂಜೆ ಮುಗಿದ ಮೇಲೆ ಅಜ್ಜ ಏನೂ ಹೇಳದೆ ಚಾವಿಯನ್ನು ಅಪ್ಪನ ಕೈಯಲ್ಲಿಟ್ಟನಂತೆ. ಮರುವಾರದಿಂದ ಅಂಗಡಿಯಲ್ಲಿ ಯಜಮಾನ ಕೂಡುವ ಗಾದಿಯ ಮೇಲೆ ಅಪ್ಪ, ಗೋಡೆಯ ಬದಿಗೆ ಅಜ್ಜ. ಕಾಗದಪತ್ರ ಅಂತ ಏನೂ ಇರಲಿಲ್ಲ.

ಅಪ್ಪ ಜೀಪು ಹತ್ತುವುದು ನೋಡುವಂತಿತ್ತು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಹೊರಗೆ ಬರುತ್ತಿದ್ದ. ಧೋತರದ ಚುಂಗನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತು, ಕ್ಲಚ್ಚನ್ನು ಮೂರು ಸಲ ಒತ್ತಿ ಬಿಡುತ್ತಿದ್ದ. ಆಮೇಲೆಯೇ ಚಾವಿ ತಿರುಗಿಸುವುದು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

“ಎಬ್ಬಸೂಕಿಂತ ಮೊದ್ಲ ಮಾತಾಡಸ್ಬೇಕಪಾ. ಒಮ್ಮಿಂದೊಮ್ಮೆಲೆ ಎಬ್ಬಿಸಿದ್ರ ನಿನಗಾದ್ರೂ ಸಿಟ್ಟು ಬರೂದಿಲ್ಲೇನು?” ಅಂದಿದ್ದ.

ರವಿವಾರ ಧಾರವಾಡಕ್ಕೆ, ಅವ್ವನ ತವರಿಗೆ, ಸವಾರಿ. ನಾವು ಮಕ್ಕಳು ಹಿಂದಿನ ಎರಡು ಪಟ್ಟಿ ಸೀಟುಗಳ ಮೇಲೆ ಎದುರುಬದುರು ಕೂತು, ಧೂಳಿನಲ್ಲಿ ಒಬ್ಬರ ಮೋರೆ ಇನ್ನೊಬ್ಬರು ನೋಡಿ ನಗುತ್ತ ಹೋಗುತ್ತಿದ್ದೆವು. ನವಲೂರಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತವರು ಕಂಡರೆ ಸಾಕು, ಅಪ್ಪ ಗಾಡಿ ಬದಿಗೆ ಹಚ್ಚಿ ಪೇರಲ ಹಣ್ಣು ಕೊಳ್ಳುತ್ತಿದ್ದ. ಕೊಂಡ ಹಣ್ಣನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ನಮ್ಮ ಕೈಗೆ ಕೊಟ್ಟರೆ ಧಾರವಾಡ ಮುಟ್ಟುವಾಗ ಬರೀ ಟವೆಲ್ ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಪ್ಪ ಹೆಚ್ಚು ಮಾತಿನವನಲ್ಲ. ಆದರೆ ಸ್ಟೇರಿಂಗ್ ಹಿಡಿದಾಗ ಹಳೆಯ ವಚನವೊಂದನ್ನು ಗುನುಗುತ್ತಿದ್ದ. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಅದು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿಗೆ ಬರುವಾಗ ಜೀಪಿಗೆ ಮುಪ್ಪು ಬಂದಿತ್ತು. ಏರು ಕಂಡರೆ ಎಂಜಿನ್ ಕಾಯುವುದು, ಪೆಟ್ರೋಲು ಕುಡಿಯುವುದು, ಬಿಡಿಭಾಗ ಸಿಗದೆ ವಾರಗಟ್ಟಲೆ ನಿಲ್ಲುವುದು. ಅಪ್ಪ ಸದ್ದಿಲ್ಲದೆ ಸಿಟಿ ಬಸ್ ಹತ್ತತೊಡಗಿದ. ಕೇಳಿದರೆ, “ಬಸ್ಸಿನ್ಯಾಗ ನಾಕ್ ಮಂದಿ ಸಿಗ್ತಾರ, ನಾಕ್ ಮಾತು ಆಕ್ಕಾವು” ಅನ್ನುತ್ತಿದ್ದ. ನಾಲ್ಕು ಮಾತು ಆಡುವವನಾದರೆ ನಮ್ಮ ಜೊತೆಗೇ ಆಡುತ್ತಿರಲಿಲ್ಲವೇ? ದೇಶಪಾಂಡೆ ನಗರದ ನಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಜೀಪು ತಾಡಪತ್ರಿ ಹೊದ್ದು ನಿಂತಿರುತ್ತಿತ್ತು. ರವಿವಾರ ಅಪ್ಪ ಅದರ ಗಾಜು ಒರೆಸಿ ಒಳಗೆ ಬರುತ್ತಿದ್ದ. ಅಪ್ಪ ಮತ್ತೆ ತಾನೇ ಜೀಪು ಓಡಿಸುವಂತಾಗಬೇಕು. ನನಗೆ ಬೇಕಾದದ್ದು ಇಷ್ಟೇ.

ಆಗ ಊರಲ್ಲೆಲ್ಲ ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು. ನನಗೆ ಇಪ್ಪತ್ತಾರು ವಯಸ್ಸು. ಧಾರವಾಡದಲ್ಲಿ ಕಲಿತದ್ದು ವಾಣಿಜ್ಯವಾದರೂ ಯಂತ್ರದ ವಿಷಯದಲ್ಲಿ ನನ್ನಷ್ಟು ಬಲ್ಲವರು ಹುಬ್ಬಳ್ಳಿಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ. ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಎತ್ತು ಮುದಿ ಆತಂತ ಅದರ ಹೊಟ್ಟಿ ಬದಲಿ ಮಾಡ್ತಾರೇನೋ?” ಅಂದಳು.

ಅಪ್ಪ ಮಾತ್ರ, “ನಿನ್ನ ಮನಸಿಗೆ ಬಂದ್ರ ಮಾಡ್ಸು” ಅಂದ.

ಗೋಕುಲ ರಸ್ತೆಯಲ್ಲಿ ತಗಡಿನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದರು. ಅಪ್ಪನಿಗಿಂತ ನಾಲ್ಕೈದು ವರ್ಷಕ್ಕೆ ಸಣ್ಣವರು. ಬಾನೆಟ್ ಎತ್ತಿ ಒಳಗೆ ಇಣುಕಿ ನೋಡಿ, “ಕೂಡ್ತೈತಿ. ಆದ್ರ ಸುಮ್ಮ ಕೂಡೂದಿಲ್ಲ” ಅಂದರು. ಅವರ ಮಾತು ಖರೇ ಆಯಿತು. ಅಪಘಾತವಾದ ಗಾಡಿಯೊಂದರಿಂದ ಇಳಿಸಿದ ಡೀಸೆಲ್ ಎಂಜಿನ್ ತಂದೆವು. ಅದು ಹಳೆಯದಕ್ಕಿಂತ ಎಷ್ಟು ಭಾರವೆಂದರೆ ಜೀಪಿನ ಮೂಗು ನೆಲಕ್ಕೆ ಬಾಗಿತು. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದೆವು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ತಾಳೆಯಾಗಲಿಲ್ಲ. ನಡುವೆ ಲೇತಿನಲ್ಲಿ ತಿರುವಿಸಿದ ದಪ್ಪ ತಟ್ಟೆ ಇಡಬೇಕಾಯಿತು. ರೇಡಿಯೇಟರ್ ಮುಂದಕ್ಕೆ ಹೋಯಿತು. ಬಾನೆಟ್ ಎರಡು ಬೆರಳು ಮೇಲೆಯೇ ನಿಂತಿತು. ಎಲ್ಲದರ ಅಳತೆಯನ್ನೂ ನಾನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಮಿಸ್ತ್ರಿ ಬೊಟ್ಟಿನಿಂದ ಅಳೆದು ಮುಗಿಸಿದ ಮೇಲೆ ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ಅವರು ನಕ್ಕು ಬೀಡಿ ಹಚ್ಚುತ್ತಿದ್ದರು.

ಡೀಸೆಲ್ಲಿನ ಜೋರಿಗೆ ಹಳೆಯ ಕ್ಲಚ್ ತಡೆಯುವುದಿಲ್ಲವೆಂದು ದೊಡ್ಡದನ್ನೇ ಹಾಕಿದರು. ನಾನು ಒತ್ತಿ ನೋಡಿದೆ. ಬಿಗಿ ಇತ್ತು. ಹೊಸ ಚಪ್ಪಲಿಯೂ ಮೊದಲು ಬಿಗಿಯೇ ಇರುತ್ತದಲ್ಲ ಎಂದುಕೊಂಡೆ.

“ಸಾವ್ಕಾರ್ರ ಓಡಸ್ತಾರಲ್ಲ?” ಮಿಸ್ತ್ರಿ ಕೇಳಿದರು.

“ಅವರಿಗಂತನ ಮಾಡ್ಸಾಕತ್ತೇನ್ರಿ ಕಾಕಾ.”

“ಒಮ್ಮಿ ಕರ್ಕೊಂಡ್ ಬರ್ರಿ. ಕುಂತ್ ನೋಡ್ಲಿ.”

“ಬ್ಯಾಡ್ರಿ. ಖಂಡೇಪೂಜಿ ದಿನಾನ ನೋಡ್ಲಿ.” ಅಪ್ಪನ ಮೋರೆಯ ಮೇಲೆ ಆಗುವ ಆಶ್ಚರ್ಯವನ್ನು ಎಲ್ಲರೆದುರು ನೋಡುವ ಆಸೆ ನನಗೆ. ಅದು ಅಪ್ಪನ ಮೇಲಿನ ಪ್ರೀತಿಯೋ ನನ್ನ ಡೌಲೋ ಎಂದು ಈಗ ಕೇಳಿದರೆ ಎರಡನೆಯದನ್ನೇ ಮೊದಲು ಹೇಳಬೇಕಾಗುತ್ತದೆ.

ಮೂರು ತಿಂಗಳಿಗೆ ಕೆಲಸ ಮುಗಿಯಿತು. ಹಬ್ಬದ ಹಿಂದಿನ ದಿನ ಜೀಪನ್ನು ಮನೆಗೆ ತಂದು ನಿಲ್ಲಿಸಿದಾಗ ಅದರ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, “ಗಿರಣಿ ಇಟ್ರೇನು? ಎರಡ್ ಸೇರು ಜ್ವಾಳ ಬೀಸ್ಕೊಡ್ರಿ” ಅಂದಳು. ಮುಂದೆ ಎಷ್ಟೋ ವರ್ಷ ನಮ್ಮ ಜೀಪಿಗೆ ಗಿರಣಿ ಎಂದೇ ಹೆಸರಾಯಿತು.

ಪೂಜೆಯ ದಿನ ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ಎರಡೂ ಬದಿಗೆ ಕಬ್ಬು, ಚೆಂಡು ಹೂವಿನ ಮಾಲೆ. ಮಿಸ್ತ್ರಿಯವರನ್ನೂ ಕರೆದಿದ್ದೆವು. ಕಾಯಿ ಒಡೆದಾಯಿತು. ನಿಂಬೆಹಣ್ಣು ಇಟ್ಟಾಯಿತು. ನಾನು ಚಾವಿಯನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಅಂಗೈಯಲ್ಲಿ ಒಂದು ಕ್ಷಣ ಹಿಡಿದು ನಿಂತ. ಆಮೇಲೆ ನನ್ನ ಕೈಯಲ್ಲಿಟ್ಟ.

“ನೀ ಹಾಯ್ಸು” ಅಂದ.

ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಪ್ಪನ ತಮ್ಮ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟ. ಮಿಸ್ತ್ರಿ ಗೇಟಿನ ಹತ್ತಿರ ನೆಲ ನೋಡುತ್ತ ನಿಂತಿದ್ದರು. ನಮ್ಮ ಮನೆಯ ಮಾತೆಂದು ಸಂಕೋಚಪಟ್ಟಿರಬೇಕು ಎಂದು ತಿಳಿದೆ. ನನಗೆ ಎದೆ ಉಬ್ಬಿ ಬಂದಿತ್ತು. ನಾನೇ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದೆ. ಮರುದಿನ ಬನ್ನಿ ಕೊಡಲು ಬಂದವರೆಲ್ಲ ನನಗೆ ಹಿರೇತನ ಬಂತೆಂದು ಮಾತಾಡಿದರು. ಚಾವಿ ಕೊಟ್ಟ ಮೇಲೆ ಗಾದಿಯನ್ನೂ ಕೊಡಲೇಬೇಕಲ್ಲ. ಮರುವಾರ ಅಪ್ಪ ಗೋಡೆಯ ಬದಿಗೆ ಸರಿದು, ಎಡಗಾಲು ಚಾಚಿಕೊಂಡು ಕೂತ. ಆಗ ಅವನಿಗೆ ಐವತ್ತಾರು. ಬಿಟ್ಟುಕೊಡುವ ವಯಸ್ಸಲ್ಲ ಎಂದು ಮಾರ್ಕೆಟ್ಟಿನ ಹಿರಿಯರು ಅಂದರು. ಎಂಥ ದೊಡ್ಡ ಮನಸ್ಸು ಎಂದೂ ಅಂದರು.

ಆ ಎಡಗಾಲು ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಅಪ್ಪ ಹರೆಯದಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲಗಳ ಥಪ್ಪಿಯ ಮೇಲಿಂದ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದ. ಕುಂಟುತ್ತಿರಲಿಲ್ಲ, ನೋವೆಂದು ಎಂದೂ ಹೇಳಿದವನಲ್ಲ. ನೆಲದ ಮೇಲೆ ಕೂತಾಗ ಮಾತ್ರ ಆ ಕಾಲು ಮಡಚುತ್ತಿರಲಿಲ್ಲ. ಅದು ಅಪ್ಪ ಕೂಡುವ ರೀತಿ ಎಂದಷ್ಟೇ ನಾವು ತಿಳಿದಿದ್ದೆವು.

ಅಂದಿನಿಂದ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಾ ಅಮರಗೋಳಕ್ಕೆ ಹೋದೆ. ಆ ಮುಂಜಾನೆಗಳನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಹತ್ತಿಯ ಎಳೆ ಬೆರಳಿನಲ್ಲಿ ಹೇಗೆ ನೋಡಬೇಕು, ಯಾವ ರೈತ ಸಿಟ್ಟಿನವನು, ಯಾರ ಮಾತಿಗೆ ಎಷ್ಟು ತೂಕ, ಎಲ್ಲ ಆ ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಹೇಳುತ್ತಿದ್ದ. ಆದರೆ ಗುನುಗುವುದು ನಿಂತಿತ್ತು. ಡೀಸೆಲ್ ಸದ್ದಿನಲ್ಲಿ ನನಗೆ ಕೇಳಿಸುತ್ತಿಲ್ಲ ಅಷ್ಟೇ ಎಂದುಕೊಂಡಿದ್ದೆ.

ಇನ್ನೊಂದು ಸಂಗತಿ ಹೇಳದೆ ಗತಿಯಿಲ್ಲ. ನಾನು ಗೇರು ಬದಲಿಸುವಾಗಲೆಲ್ಲ ಅಪ್ಪನ ಎಡಗಾಲು ತನ್ನ ಕೆಳಗಿನ ತಗಡನ್ನು ಮೆಲ್ಲಗೆ ಒತ್ತುತ್ತಿತ್ತು. ನಾನು ಓಡಿಸುವುದರ ಮೇಲೆ ನಂಬಿಕೆಯಿಲ್ಲವೆಂದು ನನಗೆ ರೇಗುತ್ತಿತ್ತು. ಒಂದು ದಿನ, “ಅಪ್ಪಾ, ನಾ ಓಡ್ಸಾಕತ್ತೇನಿ, ನೀವು ಸುಮ್ಮ ಕೂಡ್ರಿ” ಅಂದುಬಿಟ್ಟೆ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಮತ್ತೆ ಎಂದೂ ಒತ್ತಲಿಲ್ಲ.

ಎಂಟೊಂಬತ್ತು ವರ್ಷ ಹೀಗೆಯೇ ಹೋದವು. ಹೊಸ ಶತಮಾನ ಬಂತು, ನನಗೊಂದು ಕಾರು ಬಂತು, ಜೀಪು ಹಳ್ಳಿಗಷ್ಟೇ ಹೋಗತೊಡಗಿತು. ಮಿಸ್ತ್ರಿಯ ಕಣ್ಣಿಗೆ ಪೊರೆ ಬಂದು ಶೆಡ್ಡು ಮುಚ್ಚಲು ಹೊರಟಿದ್ದರು. ದಸರೆಗೆ ಹತ್ತು ದಿನ ಇರುವಾಗ ಬಾ ಎಂದು ಹೇಳಿ ಕಳಿಸಿದರು. ಆ ಶೆಡ್ಡಿನಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಎರಡು ತೂತಿನ ಒಂದು ಕಬ್ಬಿಣದ ಪಟ್ಟಿ ಯಾವಾಗಲೂ ತೂಗಾಡುತ್ತಿತ್ತು. ಹಿಂದೊಮ್ಮೆ ಏನದು ಎಂದು ಕೇಳಿದ್ದಕ್ಕೆ, “ಒಬ್ಬರದ್ ಐತಿ, ಬಂದ್ರ ಕೊಡೂದು” ಅಂದಿದ್ದರು. ಈಗ ಅದನ್ನೇ ಇಳಿಸಿ, ಧೂಳು ಒರೆಸಿ, ನನ್ನ ಕೈಯಲ್ಲಿಟ್ಟರು.

“ನಿಮ್ಮ ಅಪ್ಪಾರದು” ಅಂದರು. “ಆವಾಗ ಹಬ್ಬಕ್ಕ ಒಂದ್ ವಾರ ಇತ್ತು. ಅಪ್ಪಾರು ತಾವೊಬ್ಬರ ಬಂದಿದ್ರು, ಬಸ್ಸಿಗೆ. ಜೀಪ್ ಹತ್ತಿ ಕ್ಲಚ್ ಒತ್ತಿದ್ರು. ಒಮ್ಮಿ ಒತ್ತಿದ್ರು, ಎರಡನೇದು ಅರ್ಧಕ್ಕ ನಿಂತ್ತು. ಮೂರನೇದು ಆಗ್ಲೇ ಇಲ್ಲ. ಮೊಣಕಾಲ ಹಿಡ್ಕೊಂಡ್ ಕುಂತ್ರು. ಉದ್ದಂದ ಲಿವರ್ ಹಾಕಿದ್ರ ಹಗೂರ ಆಕ್ಕೈತ್ರಿ, ಮಾಡಿ ಹಾಕ್ತೇನಿ ಅಂದ್ನಿ. ಬ್ಯಾಡ ಅಂದ್ರು.”

“ಯಾಕಂತ್ರಿ?”

“ಅದನ್ನ ಹಾಕಿದ್ರ ಯಾಕ ಹಾಕಿದ್ರಿ ಅಂತ ಕೇಳ್ತಾನ, ಹುಡುಗ ಮೂರ್ ತಿಂಗಳ ಮಳ್ಯಾಗ ನಿಂತ್ ಮಾಡ್ಸ್ಯಾನ, ಅವನ ಮಾರಿ ಸಣ್ಣದಾಗೂದು ಬ್ಯಾಡ ಅಂದ್ರು. ನಾ ಸುಮ್ಮ ಈ ಲಿವರ್ ಮಾಡಿ ಇಟ್ನಿ. ಇವತ್ತ್ ಬಂದಾರು, ನಾಳೆ ಬಂದಾರು ಅಂತ.”

ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅಲ್ಲೇ ಕೂತೆ. ಸ್ಪ್ರಿಂಗು, ತಟ್ಟೆ, ಬಾನೆಟ್ಟು ಎಲ್ಲದರ ಅಳತೆ ನನ್ನ ವಹಿಯಲ್ಲಿತ್ತು. ಓಡಿಸಬೇಕಾದವನ ಕಾಲನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಬೇಜಾರಾಗಬಾರದೆಂದು ಅಪ್ಪ ಜೀಪು ಬಿಟ್ಟ, ಜೀಪಿನ ಜೊತೆ ಗಾದಿಯನ್ನೂ ಬಿಟ್ಟ. ನಾವೆಲ್ಲ ಅದನ್ನು ದೊಡ್ಡ ಮನಸ್ಸೆಂದು ಕೊಂಡಾಡಿ, ಅವನು ಹಿಂದಿರುಗಿ ಬರುವ ದಾರಿಯನ್ನೇ ಮುಚ್ಚಿದ್ದೆವು. ನಾಚಿಕೆಯಿಂದ ನನಗೆ ಅಳು ಬಂತು. ಮಿಸ್ತ್ರಿ ನೀರು ತಂದುಕೊಟ್ಟರು.

ಮರುದಿನ ಜೀಪು ಒಯ್ದು ಆ ಪಟ್ಟಿಯನ್ನು ಹಾಕಿಸಿದೆ. ಅದೇ ಅವರ ಶೆಡ್ಡಿನ ಕೊನೆಯ ಕೆಲಸ. ಪೆಡಲ್ ಈಗ ಇನ್ನಷ್ಟು ಕೆಳಗಿನತನಕ ಹೋಗಬೇಕಾಗಿತ್ತು, ಆದರೆ ಕೈಯಿಂದ ಒತ್ತಿದರೂ ಹೋಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಖಂಡೇನವಮಿಯ ದಿನ ಕಾಯಿ ಒಡೆದ ಮೇಲೆ ಚಾವಿಯನ್ನು ಅಪ್ಪನ ಮುಂದೆ ಹಿಡಿದೆ.

“ಈ ಸಲ ನೀವು ಹಾಯಿಸ್ರಿ.”

“ಯಾಕ?”

“ಕ್ಲಚ್ ಹಗೂರ ಮಾಡ್ಸೇನ್ರಿ.”

ಅಪ್ಪ ನನ್ನ ಮೋರೆ ನೋಡಿದ. ಗೇಟಿನ ಹತ್ತಿರ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಮಿಸ್ತ್ರಿಯ ಕಡೆ ನೋಡಿದ. ಯಾರು ಹೇಳಿದರೆಂದು ಕೇಳಲಿಲ್ಲ. ಸ್ಟೇರಿಂಗ್ ಹಿಡಿದು ಮೆಲ್ಲಗೆ ಮೇಲೆ ಹತ್ತಿ, ಧೋತರದ ಚುಂಗನ್ನು ತೊಡೆಯ ಕೆಳಗೆ ಒತ್ತಿಕೊಂಡ. ಕ್ಲಚ್ ಒಂದು ಸಲ ಒತ್ತಿದ, ಎರಡು ಸಲ ಒತ್ತಿದ. ಮೂರನೆಯದಕ್ಕೆ ಸ್ವಲ್ಪ ತಡವಾಯಿತು. ಅದನ್ನೂ ಒತ್ತಿ ಬಿಟ್ಟು ಚಾವಿ ತಿರುಗಿಸಿದ.

ನಿಂಬೆಹಣ್ಣು ಒಡೆದವು. ನಾಲ್ಕು ಹೆಜ್ಜೆ ಹೋಗಿ ನಿಲ್ಲಿಸುತ್ತಾನೆಂದು ನಾವು ಕಾದರೆ ಅಪ್ಪ ನಿಲ್ಲಿಸಲಿಲ್ಲ. ಮಾಲೆ, ಕಬ್ಬಿನ ಸಮೇತ ಜೀಪು ಓಣಿಯ ತುದಿಗೆ ಹೋಗಿ ತಿರುಗಿ ಕಾಣದಾಯಿತು. ಗಿರಣಿಯ ಸದ್ದು ಸ್ವಲ್ಪ ಹೊತ್ತು ಕೇಳಿಸಿ ಅದೂ ನಿಂತಿತು. ಅವ್ವ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. “ಈ ವಯಸ್ಸಿನ್ಯಾಗ ಎಲ್ಲಿಗೆ ಹೋದ್ರೋ ಏನೋ, ನೀನರ ಹಿಂದ ಹೋಗಬಾರದೇನು?” ಎಂದು ನನ್ನನ್ನೇ ಬೈದಳು. ಹೋಳಿಗೆ ಆರಿತು. ಒಂದು ತಾಸಿನ ಮೇಲಾಯಿತು.

ಸದ್ದು ಮತ್ತೆ ಕೇಳಿಸಿತು. ಅಪ್ಪ ಜೀಪನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಪಕ್ಕದಲ್ಲಿದ್ದ ಟವೆಲ್ಲಿನ ಗಂಟು ಎತ್ತಿಕೊಂಡು ಇಳಿದ. ಮೊಣಕಾಲು ಹಿಡಿದು ಒಂದು ಕ್ಷಣ ನಿಂತ. ಗಂಟನ್ನು ಅವ್ವನಿಗೆ ಕೊಟ್ಟ. ಅದರಲ್ಲಿ ನವಲೂರಿನ ಪೇರಲ ಹಣ್ಣುಗಳಿದ್ದವು. ಆಮೇಲೆ ನನ್ನ ಹತ್ತಿರ ಬಂದು ಚಾವಿ ಚಾಚಿದ.

“ತೊಗೋ” ಅಂದ. “ಈಗ ಕೊಟ್ಟೆ.”

ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ.